ಹಿಂದಿನ ಟಾಯರ್ ಮಡ್‌ಗಾರ್ಡಿಗಿ ಉಜ್ಜಲತ್ತದ, ಅಂಚು ಕಟ್ ಮಾಡಸ್ಲೇನ್ರಿ?

ಸೇಡಂರೋಡ್_ಡಿಜೈರ್:

ಎಲ್ಲರಿಗೂ ನಮಸ್ಕಾರ್ರಿ, ಕಲಬುರಗಿದವ ನಾ. ನಮ್ಮ ಮನ್ಯಾಗ 2017ರ ಡಿಜೈರ್ ಡೀಸೆಲ್ ಅದ, ಸೆಕೆಂಡ್ ಹ್ಯಾಂಡ್ ತೊಗೊಂಡಿದ್ದು. ತೊಗೊಳ್ಳೋ ಮೊದಲೇ ಅದಕ್ಕ ಅಲಾಯ್ ಮತ್ತ ದಪ್ಪನ್ನ ಟಾಯರ್ ಹಾಕಿದ್ರು, ನೋಡ್ಲಾಕ ಭಾರಿ ಕಾಣ್ತದ ಅಂತ ಅಪ್ಪಾಜಿನೂ ಖುಷ್ ಆಗಿದ್ರು. ಖಾಲಿ ಗಾಡಿ ಊರಾಗ ಎಷ್ಟ್ ಓಡಾಡಿದ್ರೂ ಏನೂ ತಕರಾರ ಇಲ್ಲ. ಆದ್ರ ಹಿಂದ ಮೂರು ಮಂದಿ ಕುಂತು ಡಿಕ್ಕಿದಾಗ ಸಾಮಾನ ಹಾಕಿದ್ರ ಮುಗೀತು ನೋಡ್ರಿ, ಬ್ರೇಕರ್ ಮ್ಯಾಲ ಹಾಯ್ದ ಕೂಡ್ಲೇ ಹಿಂದಿಂದ ಖರ್ರ್ ಅಂತ ಸಪ್ಪಳ ಬರ್ತದ, ತೆಗ್ಗಿನ್ಯಾಗ ಬಿದ್ರಂತೂ ಒಳಗ ಕುಂತವರೆಲ್ಲ ಹಿಂದ ತಿರುಗಿ ನೋಡ್ತಾರ. ಚಿಂಚೋಳಿ ಕಡಿ ನಮ್ಮ ಹೊಲ ಅದ, ಮೊನ್ನಿ ಅಲ್ಲಿಂದ ಎರಡು ಚೀಲ ತೊಗರಿ ಹಾಕ್ಕೊಂಡು ಬರೂ ಮುಂದ ರಬ್ಬರ್ ಸುಟ್ಟಿದ್ ವಾಸನಿನೂ ಬಂತು. ಇಳದ್ ನೋಡಿದ್ರ ಎಡಗಡಿ ಟಾಯರಿನ ಭುಜದ ಮ್ಯಾಲ ಸುತ್ತಾ ಒಂದು ಗೆರಿ ಬಿದ್ದದ, ಕೈ ಹಚ್ಚಿದ್ರ ಒರಟ ಒರಟ.

ಇಲ್ಲಿ ಒಬ್ಬರು ಮೆಕಾನಿಕ್ ಮಡ್‌ಗಾರ್ಡಿನ ಒಳಗಿನ ಅಂಚು ಗ್ರೈಂಡರ್ ಹಚ್ಚಿ ಕಟ್ ಮಾಡಿ ಬಿಡ್ತೀನಿ, ಅರ್ಧ ತಾಸಿನ ಕೆಲಸ ಅಂತಾರ. ಇನ್ನೊಬ್ಬರು ಸ್ಪ್ರಿಂಗಿನ್ಯಾಗ ರಬ್ಬರ್ ಹಾಕ್ರಿ ಸಾಕು ಅಂತಾರ. ಟಾಯರ್ ಅಂಗಡಿದವರು ಸ್ಪೇಸರ್, ಅಂದ್ರ ಗಾಲಿ ಹಿಂದ ಕೂಡ್ಸೋ ಲೋಹದ ಬಿಲ್ಲಿ, ಹಾಕಿದ್ರ ಸರಿ ಆಗ್ತದ ಅಂದ್ರು. ಮೂರು ಮಂದಿ ಮೂರು ಮಾತು, ಯಾವುದ್ ಕೇಳಬೇಕು? ರೊಕ್ಕ ಭಾಳ ಖರ್ಚ್ ಮಾಡೋ ಹಂಗಿಲ್ಲ, ಆದ್ರ ಗಾಡಿ ಹಾಳ್ ಮಾಡ್ಕೊಳ್ಳೋದೂ ಬ್ಯಾಡ.

ಗಂಜ್_ದಾಲ್‌ಮಿಲ್:

ಸ್ಪ್ರಿಂಗಿನ್ಯಾಗ ರಬ್ಬರ್ ಹಾಕ್ಸಿ ಬಿಡ್ರಿ ಅಣ್ಣಾ, ನಮ್ಮ ಗಾಡಿಗಿ ಹಾಕ್ಸೀವಿ, ಹಿಂದ ಎತ್ತರ ಆಯ್ತು, ಚೀಲ ಹಾಕಿದ್ರೂ ಕುಂದ್ರಲ್ಲ. ನೆಹರು ಗಂಜ್ ಕಡಿ ಬಂದ್ ನೋಡ್ರಿ, ಅರ್ಧ ಗಾಡಿಗಿ ಅದೇ ಹಾಕ್ಯಾರ.

ಹುಮನಾಬಾದ್_ಗ್ಯಾರೇಜ್:

ತಮ್ಮಾ, ಪೈಲಾ ಮಾತು, ಗ್ರೈಂಡರಿಗಿ ಕೈ ಹಚ್ಚಗೊಡಬ್ಯಾಡ. ಆ ಅಂಚು ಅಂದ್ರ ಸುಮ್ನ ಮಡಚಿದ ಪತ್ರಾ ಅಲ್ಲ. ಹೊರಗಿನ ಪತ್ರಾ ಮತ್ತ ಒಳಗಿನ ಗೂಡಿನ ಪತ್ರಾ ಎರಡೂ ಅಲ್ಲೇ ಕೂಡತಾವ, ಸ್ಪಾಟ್ ವೆಲ್ಡಿಂಗ್ ಅಲ್ಲೇ ಇರ್ತದ. ಅದನ್ ಕೊಯ್ದ್ರ ಎರಡು ಪತ್ರಾದ ನಡಕಿನ ಸಂದಿ ಬಾಯಿ ತೆರೀತದ, ಟಾಯರ್ ಎರಚಿದ್ ನೀರೆಲ್ಲ ಅದ್ರಾಗೇ ಹೋಗ್ತದ, ಒಳಗಿಂದ ಜಂಗ್ ಹಿಡೀಲಾಕ ಸುರು ಆದ್ರ ಹೊರಗ ಪೇಂಟ್ ಗುಳ್ಳಿ ಏಳೂ ತನಕ ನಿನಗ ಗೊತ್ತೂ ಆಗಲ್ಲ. ಮತ್ತ ಕೊಯ್ದ ಅಂಚು ಬ್ಲೇಡ್ ಇದ್ದಂಗ ಇರ್ತದ, ನಾಳಿ ಮತ್ತೊಂದ್ ಸಲ ಟಾಯರ್ ಹತ್ತಿದ್ರ ಉಜ್ಜಲ್ಲ, ಸೀಳತದ.

ಸ್ಪೇಸರ್ ಅಂದವರು ಎಲ್ಲಿ ಉಜ್ಜತದ ಅಂತ ನೋಡೇ ಇಲ್ಲ ಅನಸ್ತದ. ಸ್ಪೇಸರ್ ಗಾಲಿನ ಹೊರಗ ತಳ್ಳತದ. ಟಾಯರ್ ಒಳಗ ಶಾಕಪ್ಪಿಗಿ ಹತ್ತಲತ್ತಿದ್ರ ಅದು ಮದ್ದು, ನಿಂದು ಹೊರಗಿನ ಅಂಚಿಗಿ ಹತ್ತಲತ್ತದ ಅಂದ್ರ ಇನ್ನೂ ಜೋರಾಗಿ ಹತ್ತತದ.

ಅದಕ್ಕ ಪೈಲಾ ಎಲ್ಲಿ ಹತ್ತತದ ಅಂತ ಪಕ್ಕಾ ಮಾಡ್ಕೋ. ಸಾಲಿ ಹುಡುಗ್ರ ಕಡಿ ಬಿಳಿ ಚಾಕ್ ಇರ್ತದಲ್ಲ, ಅದನ್ ತೊಗೊಂಡು ಎರಡೂ ಹಿಂದಿನ ಟಾಯರಿನ ಭುಜಕ್ಕ, ಅಂದ್ರ ನೆಲಕ್ಕ ಹತ್ತೋ ಪಟ್ಟಿ ಮುಗದು ಬಾಜು ಸುರು ಆಗ್ತದಲ್ಲ ಅಲ್ಲಿ, ಸುತ್ತಾ ದಪ್ಪಾಗಿ ಬಳಿ. ಒಳಗಿನ ಬಾಜೂನೂ ಬಳಿ, ಕೈ ಮುಟ್ಟದಿದ್ರ ಜಾಕ್ ಹಚ್ಚಿ ಗಾಲಿ ಬಿಚ್ಚಿ ಬಳಿ. ಆಮ್ಯಾಲ ಮನಿ ಮಂದಿನ ಕೂಡ್ಸು, ಡಿಕ್ಕಿದಾಗ ಚೀಲ ಹಾಕು, ಹಗೂರಕ ನಾಕಾರು ಬ್ರೇಕರ್ ಹಾಯ್ದು ಬಂದು ನೋಡು. ಚಾಕ್ ಎಲ್ಲಿ ಅಳಿಸ್ಯದ, ಮಡ್‌ಗಾರ್ಡಿನ್ಯಾಗ ಎಲ್ಲಿ ಬೆಳ್ಳಗ ಹತ್ಯದ, ಅದೇ ಜಾಗ. ಅಂಚಿಗೋ, ಒಳಗಿನ ಪ್ಲಾಸ್ಟಿಕ್ ಲೈನರಿಗೋ, ಬಂಪರ್ ಬಂದು ಕೂಡೋ ಮೂಲಿಗೋ, ಒಂದೊಂದಕ್ಕ ಒಂದೊಂದ್ ಇಲಾಜ್ ಅದ.

ಜೋಡಿಗಿ ಈ ಸಂಗತಿನೂ ನೋಡ್ಕೊಂಡ್ ಬಾ: ಟಾಯರಿನ ಬಾಜು ಬರದಿರೋ ಸೈಜ್, ಅಲಾಯಿನ ಹಿಂದ ಒತ್ತಿರೋ ನಂಬರ್, ಮತ್ತ ಖಾಲಿ ಗಾಡಿ ಸಪಾಟ ನೆಲದ ಮ್ಯಾಲ ನಿಂದ್ರಿಸಿ ಗಾಲಿ ನಟ್ಟ ನಡಬರಕಿಂದ ಮಡ್‌ಗಾರ್ಡ್ ಅಂಚಿನ ತನಕ ಎತ್ತರ ಎಷ್ಟು, ಎಡಕ್ಕೂ ಬಲಕ್ಕೂ. ಎರಡ್ರಾಗ ಫರಕ್ ಅದ ಅಂದ್ರ ಒಂದು ಸ್ಪ್ರಿಂಗ್ ಕುಂತದ ಇಲ್ಲಾ ಕೆಳಗಿನ ಸುತ್ತು ಮುರದದ. ಹಿಂದಿನ ಸ್ಪ್ರಿಂಗಿನ ಕೆಳಗಿನ ಸುತ್ತಿಗಿ ಮಣ್ಣು ನೀರು ಕುಂತು ಜಂಗ್ ಹಿಡದು ಮುರಿಯೋದು ನಾ ಭಾಳ ನೋಡೀನಿ, ಮ್ಯಾಲಿಂದ ನೋಡಿದ್ರ ಕಾಣಂಗೇ ಇಲ್ಲ.

ಗಂಜ್ ಅಣ್ಣಾ, ನೀವು ಹೇಳಿದ್ದು ಸುಳ್ಳಲ್ಲ ಖರೆ, ರಬ್ಬರ್ ಹಾಕಿದ್ರ ಗಾಡಿ ಕಡಿಮಿ ಕುಂದ್ರತದ. ಆದ್ರ ರಬ್ಬರ್ ಹಾಕಿದ್ದ ಸುತ್ತು ಕೆಲಸ ಮಾಡಲ್ಲ, ಉಳಿದ ಸುತ್ತಿಗಿ ವಜ್ಜಿ ಜಾಸ್ತಿ ಬೀಳ್ತದ, ಖಾಲಿ ಇದ್ದಾಗ ಗಾಡಿ ಹಿಂದ ಜಿಗೀತದ. ಕಾರಣ ಬ್ಯಾರೇನೇ ಇದ್ರ ಅದು ಜ್ವರಕ್ಕ ಗುಳಗಿ ನುಂಗಿದಂಗ ಅಷ್ಟೇ.

ಶಹಾಪುರ_ಎರಿಹೊಲ:

ನಾ ಮೆಕಾನಿಕ್ ಅಲ್ರಿ, ಆದ್ರ ಒಂದ್ ಮಾತು ಹೇಳ್ತೀನಿ, ಯಾರೂ ಹೇಳಿಲ್ಲ ಇದನ್ನ. ನಮ್ಮ ಕಡಿ ಎರಿ ಭೂಮಿ, ಮಳಿಗಾಲದಾಗ ಹೊಲದ ದಾರಿಗಿ ಗಾಡಿ ಹೋದ್ರ ಮಣ್ಣು ಟಾಯರಿಗಿ ಸುತ್ಕೊಂಡು ಮಡ್‌ಗಾರ್ಡಿನ ಒಳಗೆಲ್ಲ ಮೆತ್ತತದ. ಹಸಿ ಇದ್ದಾಗ ತೊಳದ್ರ ಹೋಗ್ತದ, ಇಲ್ಲಂದ್ರ ಬಿಸಲಿಗಿ ಒಣಗಿ ಎಂಥಾ ಗಟ್ಟಿ ಆಗ್ತದಂದ್ರ ಸ್ಕ್ರೂ ಡ್ರೈವರ್ ಹಚ್ಚಿ ಹೊಡದ್ರೂ ಬರಲ್ಲ. ಲೈನರಿನ ಮ್ಯಾಲ ಎರಡು ಬೆರಳು ದಪ್ಪ ಕುಂತ್ರ ಟಾಯರಿಗಿ ಇದ್ದಿದ್ದ ಜಾಗ ಅಲ್ಲೇ ಹೋಯ್ತು. ನಮ್ಮ ಗಾಡಿದಾಗ ಹಿಂಗೇ ಸಪ್ಪಳ ಬರ್ಲತ್ತಿತ್ತು, ವಾಶಿಂಗ್ ಸೆಂಟರದಾಗ ಗಾಲಿ ಬಿಚ್ಚಸಿ ಪ್ರೆಶರ್ ಹೊಡಸಿದ ಮ್ಯಾಲ ಒಂದು ಪುಟ್ಟಿ ಮಣ್ಣು ಬಿತ್ರಿ ಖರೇ, ಸಪ್ಪಳನೂ ಹೋಯ್ತು. ನಿಮ್ಮ ಗಾಡಿನೂ ಹೊಲಕ್ಕ ಹೋಗಿದ್ದು ಅಂತೀರಿ, ಚಾಕ್ ಬಳಿಯೋ ಮೊದಲು ಒಮ್ಮಿ ತೊಳಸ್ರಿ. ಲೈನರಿನ ಕ್ಲಿಪ್ ಉಚ್ಚಿ ಪ್ಲಾಸ್ಟಿಕ್ ಕೆಳಗ ಜೋತು ಬಿದ್ದಿದ್ರೂ ಇದೇ ಸಪ್ಪಳ ಬರ್ತದ, ಅದನ್ನೂ ನೋಡ್ರಿ.

ಹುಮನಾಬಾದ್_ಗ್ಯಾರೇಜ್:

ಶಹಾಪುರ ಅಣ್ಣಾವ್ರು ಬರೋಬರಿ ಹೇಳ್ಯಾರ. ತೊಳಸೋದು ಪೈಲಾ.

ಸೇಡಂರೋಡ್_ಡಿಜೈರ್:

ಕಾಕಾ, ಅಣ್ಣಾ, ಎಲ್ಲರಿಗೂ ಥ್ಯಾಂಕ್ಸ್ ರಿ. ತೊಳಸಿ ಚಾಕ್ ಬಳದು ನೋಡಿದೆ. ಮಣ್ಣು ಇತ್ತು ಆದ್ರ ಭಾಳ ಏನಿಲ್ಲ, ಸಪ್ಪಳ ಹೋಗಿಲ್ಲ. ಎಡಗಡಿ ಗಾಲಿ ನಟ್ಟ ಮ್ಯಾಲ, ಜರಾ ಹಿಂದಿನ ಡೋರಿನ ಕಡಿ, ಹೊರಗಿನ ಅಂಚಿಗಿ ಒಂದು ಗೇಣಿನಷ್ಟು ಉದ್ದ ಬೆಳ್ಳಗ ಹತ್ಯದ. ಬಲಗಡಿ ಬರೇ ಎರಡು ಸಣ್ಣ ಕಲೆ, ಅದೂ ದೊಡ್ಡ ಬ್ರೇಕರ್ ಹಾಯ್ದಾಗ. ಒಳಗಿನ ಬಾಜು ಚಾಕ್ ಹಂಗೇ ಅದ, ಶಾಕಪ್ಪಿಗಿ ಹತ್ತಿಲ್ಲ.

ಎತ್ತರ ಎರಡೂ ಕಡಿ ಒಂದೇ ಅದ, ಸ್ಪ್ರಿಂಗ್ ಮುರದಿಲ್ಲ, ಪಂಚರ್ ಅಂಗಡಿದಾಗ ಗಾಡಿ ಎತ್ತಿ ಟಾರ್ಚ್ ಹಚ್ಚಿ ನೋಡಿದ್ವಿ. ಟಾಯರ್ ಸೈಜ್ 205/65 ಆರ್15. ಅಲಾಯಿನ ಹಿಂದ 15x7ಜೆ, ಅದರ ಬಾಜು ಇಟಿ 35 ಅಂತ ಅದ. ಇದ್ರ ಅರ್ಥ ಏನು ನಂಗ್ ತಿಳಿಲಿಲ್ಲ. ಎಡಕ್ಕೇ ಯಾಕ ಜಾಸ್ತಿ ಉಜ್ಜತದ ಅಂತಾನೂ ತಿಳಿವಲ್ದು.

ಆಳಂದ_ಮಾಸ್ತರ:

205/65 ಆರ್15 ಅಂದ್ರ ಹಳೇ ಇನ್ನೋವಾದ ಸೈಜ್ ಅಲ್ರಿ ಅದು! ಡಿಜೈರಿಗಿ ಕಂಪನಿದವರು ಕೆಳಗಿನ ಮಾಡಲಿಗಿ 165/80 ಆರ್14, ಮ್ಯಾಲಿನ ಮಾಡಲಿಗಿ 185/65 ಆರ್15 ಕೊಡ್ತಿದ್ರು. ಯಾರೋ ಸಿಕ್ಕಿದ್ದು ಹಾಕಿ ಬಿಟ್ಟಾರ ನಿಮ್ಮ ಗಾಡಿಗಿ.

ಲೆಕ್ಕ ಮಾಡಿ ತೋರಸ್ತೀನಿ, ನಾ ಮಾಸ್ತರ, ಹಿಡಿಸಿದ್ರ ಬಿಡಂಗಿಲ್ಲ. ಮೊದಲಿನ ಅಂಕಿ ಟಾಯರಿನ ಅಗಲ, ಮಿಲಿಮೀಟರದಾಗ. ಎರಡನೇದು ಬಾಜಿನ ಎತ್ತರ ಅಗಲದ ಶೇಕಡಾ ಎಷ್ಟು ಅಂತ. 185ರ 65 ಪರ್ಸೆಂಟ್ ಅಂದ್ರ 120.25, ಮ್ಯಾಲ ಕೆಳಗ ಎರಡೂ ಕೂಡಿ 240.5, ಅದಕ್ಕ 15 ಇಂಚ್ ರಿಮ್ಮಿನ 381 ಕೂಡ್ಸಿದ್ರ ಪೂರಾ ಗಾಲಿ 621.5 ಮಿಲಿಮೀಟರ್. ನಿಮ್ಮ 205/65 ಇದೇ ಲೆಕ್ಕಕ್ಕ 647.5. ಅಂದ್ರ 26 ಮಿಲಿಮೀಟರ್ ದೊಡ್ಡದು, ಅದ್ರ ಅರ್ಧ 13 ಮಿಲಿಮೀಟರ್ ಗಾಲಿ ನಡಬರಕಿಂದ ಮ್ಯಾಲ ಅಂಚಿನ ಕಡಿ ಹೋಗ್ಯದ. ಇನ್ನೊಂದು ಮಜಾ ಏನಂದ್ರ ನಿಮ್ಮ ಸ್ಪೀಡೋ ಕಾಂಟಾ ಇರೋದಕ್ಕಿಂತ ಸುಮಾರು 4 ಪರ್ಸೆಂಟ್ ಕಡಿಮಿ ತೋರಸ್ಲತ್ತದ, ಮೊದಲು ಬರೋಬರಿ 100 ತೋರಸ್ತಿದ್ರ ಈಗ ಅದೇ 100ಕ್ಕ ಗಾಡಿ 104 ಓಡ್ತದ. ಕಿಲೋಮೀಟರ್ ರೀಡಿಂಗೂ ಹಂಗೇ.

ಇದು ಬರೇ ಎತ್ತರದ ಮಾತು. ಹೊರಗ ಬರೋ ಮಾತು ಬ್ಯಾರೆ ಅದ, ಅದೇ ಇಲ್ಲಿ ಖರೇ ಕಿತಾಪತಿ. ಇಟಿ ಅಂದ್ರ ಆಫ್‌ಸೆಟ್, ರಿಮ್ಮಿನ ನಟ್ಟ ನಡಬರಕಿನ ಗೆರಿಯಿಂದ ಹಬ್ಬಿಗಿ (ಗಾಡಿದಾಗ ಗಾಲಿ ಬೋಲ್ಟ್ ಮಾಡೋ ಭಾಗ) ಬಂದ್ ಕೂಡೋ ಮುಖ ಎಷ್ಟು ಮಿಲಿಮೀಟರ್ ಹೊರಗಿನ ಕಡಿ ಅದ ಅಂತ. ಈ ಅಂಕಿ ಕಡಿಮಿ ಆದಂಗ ಗಾಲಿ ಹೊರಗ ಬರ್ತದ. ಕಂಪನಿ ರಿಮ್ಮಿನ ನಂಬರ್ ನಿಮ್ಮ ಸ್ಟೆಪ್ನಿ ಮ್ಯಾಲ ಸಿಗಬಹುದು ನೋಡ್ರಿ, ನಾ ಸುಮ್ನ ಉದಾಹರಣಿಗಿ 5.5ಜೆ (ಇದು ರಿಮ್ಮಿನ ಅಗಲ, ಇಂಚಿನ್ಯಾಗ), ಇಟಿ 45 ಅಂತ ಹಿಡೀತೀನಿ. 45ಕ್ಕ 35 ತಗದ್ರ 10 ಮಿಲಿಮೀಟರ್ ಅಲ್ಲೇ ಹೊರಗ ಬಂತು. ಟಾಯರ್ 185 ಇದ್ದಿದ್ದು 205 ಆಯ್ತು, 20 ಅಗಲ ಜಾಸ್ತಿ, ಒಂದೊಂದ್ ಕಡಿಗಿ 10. ಒಟ್ಟ ಹೊರಗ 20 ಮಿಲಿಮೀಟರ್ ಬಂತು. ಒಳಗ ನೋಡಿದ್ರ 10 ಅಗಲ ಆಯ್ತು, 10 ಹೊರಗ ಸರೀತು, ಅಲ್ಲಿಗಲ್ಲಿಗಿ ಬರೋಬರಿ. ಅದಕ್ಕೇ ನಿಮ್ಮ ಶಾಕಪ್ ಬಾಜು ಚಾಕ್ ಅಳಿಸಿಲ್ಲ, ಎಲ್ಲಾ ಹೊರಗೇ ಹೋಗ್ಯದ. ಇದ್ರ ಮ್ಯಾಲ ರಿಮ್ ಅಗಲ ಇದ್ದಷ್ಟೂ ಟಾಯರ್ ಇನ್ನೂ ಜರಾ ಹಿಗ್ಗತದ.

ಮ್ಯಾಲ 13, ಹೊರಗ 20. ಕಂಪನಿದವರು ಬಿಟ್ಟಿದ್ದ ಜಾಗನೇ ಎಷ್ಟ್ ಇರ್ತದ? ಖಾಲಿ ಗಾಡಿಗಿ ನಡೀತದ, ತೊಗರಿ ಚೀಲ ಹಾಕಿದ್ರ ಉಜ್ಜದೇ ಇರ್ತದೇನ್ರಿ?

ಗಂಜ್_ದಾಲ್‌ಮಿಲ್:

ಮಾಸ್ತರೇ ಹಂಗಾದ್ರ ಅಲಾಯ್ ಹಂಗೇ ಇಟ್ಟು 185 ಟಾಯರ್ ಹಾಕಿದ್ರ ಸಾಕಲ್ಲ?

ಆಳಂದ_ಮಾಸ್ತರ:

ಎಲ್ಲರೂ ಹಿಂಗೇ ಅನ್ಕೋತಾರ, ಆಗಲ್ರಿ. ಒಂದೊಂದು ಟಾಯರಿಗಿ ಎಷ್ಟು ಅಗಲದ ರಿಮ್ ನಡೀತದ ಅಂತ ಕಟ್ಟು ಇರ್ತದ. 185/65 ಆರ್15ಕ್ಕ 5 ಇಂಚಿಂದ 6.5 ಇಂಚ್ ತನಕ. ನಿಮ್ಮ ಅಲಾಯಿನ ಅಗಲ 7 ಇಂಚ್. ಹಾಕಿದ್ರ ಟಾಯರ್ ಎಳದಂಗ ಕುಂದ್ರತದ, ರಿಮ್ಮಿನ ಅಂಚು ಬಾಜಿಗಿ ಬೆತ್ತಲೆ ಬೀಳ್ತದ, ನಮ್ಮ ತೆಗ್ಗಿನ ರಸ್ತಾದಾಗ ಒಂದೇ ಏಟಿಗಿ ರಿಮ್ ಸೊಟ್ಟ. ಈ ಅಲಾಯ್ ಬಿಡಲಾಕ ಮನಸ್ಸಿಲ್ಲ ಅಂದ್ರ 195/60 ಆರ್15 ನೋಡಬಹುದು, ಅದು 7 ಇಂಚ್ ರಿಮ್ಮಿಗಿ ಕೂಡತದ, ಪೂರಾ ಗಾಲಿ 615 ಮಿಲಿಮೀಟರ್, ಕಂಪನಿಗಿಂತ ಜರಾ ಸಣ್ಣದು. ಈಗಿಂದ್ರಕಿಂತ ಅಂಚಿನ ಕಡಿ 16 ಮಿಲಿಮೀಟರ್ ಇಳೀತದ, ಹೊರಗಿಂದ 5 ಒಳಗ ಹೋಗ್ತದ. ಬಾಜಿನ ಮ್ಯಾಲ ಲೋಡ್ ನಂಬರ್ 88 ಅಂತ ಇರೋದೇ ಕೇಳಿ ತೊಗೋರಿ, ಒಂದು ಟಾಯರಿಗಿ 560 ಕಿಲೋ. ಆದ್ರ ಆಫ್‌ಸೆಟ್ಟಿನ 10 ಮಿಲಿಮೀಟರ್ ಹಂಗೇ ಉಳೀತದ.

ನನ್ ಕೇಳಿದ್ರ ಕಂಪನಿ ಸೈಜಿನ ರಿಮ್ಮಿಗಿ ವಾಪಸ್ ಹೋಗೋದೇ ಛಲೋ. ಹಳೇ ಕಂಪನಿ ರಿಮ್ ಸೆಕೆಂಡ್ಸ್‌ದಾಗ ಸಿಗ್ತಾವ, ಮಂದಿ ಅಲಾಯ್ ಹಾಕಸ್ಕೊಂಡು ಇವನ್ನ ಅಂಗಡ್ಯಾಗೇ ಬಿಟ್ಟು ಹೋಗಿರ್ತಾರ.

ಕಪನೂರ_ಡೆಂಟಿಂಗ್:

ಎಡಕ್ಕೇ ಯಾಕ ಜಾಸ್ತಿ ಅಂತ ಕೇಳ್ಯಾರ, ಅದಕ್ಕ ಯಾರೂ ಜವಾಬ್ ಕೊಟ್ಟಿಲ್ಲ. ಟಾಯರ್ ದೊಡ್ಡದು ಅಂದ್ರ ಎರಡೂ ಕಡಿ ಒಂದೇ ನಮೂನಿ ಉಜ್ಜಬೇಕು. ಒಂದೇ ಕಡಿ ಜಾಸ್ತಿ ಅಂದ್ರ ಗಾಲಿ ಆಕಡಿ ಸರದದ ಇಲ್ಲಾ ಪತ್ರಾ ಈಕಡಿ ಬಂದದ.

ಗಾಲಿ ಸರಿಯೋದಂದ್ರ ಈ ಗಾಡಿಗಿ ಹಿಂದ ಒಂದೇ ಅಡ್ಡ ಬೀಮ್ ಇರ್ತದ, ಮುಂದಿನ ಕಡಿ ಎರಡು ದೊಡ್ಡ ಬುಶ್ ಮ್ಯಾಲ ನಿಂತಿರ್ತದ. ಬುಶ್ಶಿನ ರಬ್ಬರ್ ಹರದಿದ್ರ ಪೂರಾ ಬೀಮ್ ಒಂದು ಬಾಜು ಸರೀತದ, ತಿರುವಿನ್ಯಾಗ ಗಾಡಿ ಹಿಂದ ಕುಂಡಿ ಹೊಡದಂಗ ಆಗ್ತದ. ವೀಲ್ ಅಲೈನ್‌ಮೆಂಟ್ ಅಂಗಡಿದಾಗ ಹಿಂದಿನ ಗಾಲಿದೂ ರೀಡಿಂಗ್ ತೆಗಿ ಅನ್ರಿ, ಇವಕ್ಕ ಹಿಂದ ಅಡ್ಜಸ್ಟ್ ಮಾಡ್ಲಾಕ ಬರಲ್ಲ ಅಂತ ಅವರು ನೋಡೋದೇ ಇಲ್ಲ, ಆದ್ರ ಸೊಟ್ಟ ಇದ್ರ ಪ್ರಿಂಟಿನ್ಯಾಗ ಕಾಣ್ತದ.

ಪತ್ರಾ ಬರೋದು ಅಂದ್ರ ಆಕ್ಸಿಡೆಂಟ್. ಸೆಕೆಂಡ್ ಹ್ಯಾಂಡ್ ಗಾಡಿ ಅಂದ ಕೂಡ್ಲೇ ನಂಗ್ ಇದೇ ಸಂಶೆ ಬಂತು. ಹಿಂದ ಎಡಕ್ಕ ಯಾರೋ ಗುದ್ದಿರ್ತಾರ, ಪತ್ರಾ ಒಳಗ ಹೋಗಿರ್ತದ, ಪೂರಾ ಹೊರಗ ಎಳೀದೇ ಮ್ಯಾಲ ತೆಗ್ಗು ತುಂಬೋ ಪುಟ್ಟಿ ಮೆತ್ತಿ ಪೇಂಟ್ ಹೊಡದು ಬಿಟ್ಟಿರ್ತಾರ. ಹೊರಗ ನೋಡಿದ್ರ ನುಣ್ಣಗ, ಒಳಗಿನ ಅಂಚು ಮಾತ್ರ ಗಾಲಿ ಕಡಿಗೇ ಬಾಗಿರ್ತದ. ಇದನ್ ನೋಡೋದು ಭಾಳ ಸಸಾರ. ಫ್ರಿಜ್ಜಿನ ಮ್ಯಾಲ ಹಚ್ಚೋ ಮ್ಯಾಗ್ನೆಟ್ ಇರ್ತದಲ್ಲ, ತೆಳ್ಳನ್ನ ಅರಿವಿಯೊಳಗ ಸುತ್ತಿ ಬಲಗಡಿ ಮಡ್‌ಗಾರ್ಡ್ ಮ್ಯಾಲ ಹಚ್ಚಿ ನೋಡ್ರಿ, ಟಪ್ಪಂತ ಹಿಡೀತದ. ಅದೇ ಎಡಗಡಿ ಅದೇ ಜಾಗದಾಗ ಹಚ್ಚಿ ನೋಡ್ರಿ, ಪುಟ್ಟಿ ದಪ್ಪ ಇದ್ರ ಜಾರಿ ಕೆಳಗ ಬೀಳ್ತದ.

ಮತ್ತ ಒಂದು ದಾರಕ್ಕ ನಟ್ ಕಟ್ಟಿ ಅಂಚಿಂದ ಇಳಿಬಿಡ್ರಿ, ದಾರಕ್ಕೂ ಟಾಯರಿನ ಉಬ್ಬಿಗೂ ನಡಕ ಎಷ್ಟ್ ಜಾಗ ಅದ ಅಂತ ಎರಡೂ ಕಡಿ ಪಟ್ಟಿ ಹಿಡದು ನೋಡ್ರಿ.

ಸೇಡಂರೋಡ್_ಡಿಜೈರ್:

ಕಪನೂರ ಅಣ್ಣಾ ಕೈ ಮುಗದೆ ನಿಮಗ. ಮ್ಯಾಗ್ನೆಟ್ ಬಲಕ್ಕ ಹಿಡೀತು, ಎಡಕ್ಕ ಗಾಲಿ ಮ್ಯಾಲ ಒಂದು ಮೊಳ ಜಾಗದಾಗ ಎಲ್ಲೂ ನಿಲ್ಲವಲ್ದು, ಡಿಕ್ಕಿ ಹತ್ರ ಹೋದ್ರ ಮತ್ತ ಹಿಡೀತದ. ದಾರ ಬಿಟ್ಟು ನೋಡಿದ್ರ ಬಲಕ್ಕ 14 ಮಿಲಿಮೀಟರ್ ಜಾಗ ಅದ, ಎಡಕ್ಕ ಬರೇ 6. ಅಪ್ಪಾಜಿ ಪಕ್ಕದಾಗೇ ನಿಂತಿದ್ರು, ಮ್ಯಾಗ್ನೆಟ್ ಬಿದ್ದ ಕೂಡ್ಲೇ ಗಾಡಿ ಮಾರದವಗ ಎರಡು ಮಾತು ಅಂದ್ರು, ಇಲ್ಲಿ ಬರೀಲಾಕ ಬರಲ್ಲ. ಅಲೈನ್‌ಮೆಂಟ್ ಅಂಗಡಿದಾಗ ಹಿಂದಿನ ರೀಡಿಂಗ್ ತಗಸಿದೆ, ಬೀಮ್ ಸೀದಾ ಅದ, ಬುಶ್ ಛಲೋ ಅವ ಅಂದ್ರು.

ಈಗ ಏನ್ ಮಾಡ್ಸಬೇಕ್ರಿ? ಫೆಂಡರ್ ರೋಲಿಂಗ್ ಅಂತ ಒಂದು ಅದ ಅಂತಾರ, ಅದು ಮಾಡ್ಸಿದ್ರ ಈ 205 ಟಾಯರೇ ನಡಸಬಹುದೇನು?

ಕಪನೂರ_ಡೆಂಟಿಂಗ್:

ರೋಲಿಂಗ್ ಅಂದ್ರ ಅಂಚು ಕಟ್ ಮಾಡದೇ ಒಳಗ ಮ್ಯಾಲಕ್ಕ ಮಡಚೋದು. ಗಾಲಿ ಬಿಚ್ಚಿ ಹಬ್ಬಿಗಿ ಒಂದು ತೋಳಿದ್ದ ಮಶೀನ್ ಬೋಲ್ಟ್ ಮಾಡ್ತಾರ, ತುದಿಗಿ ಗಟ್ಟಿ ರೋಲರ್ ಇರ್ತದ, ಹೀಟ್ ಗನ್ನಿಂದ ಪೇಂಟ್ ಕಾಯ್ಸಕೋತ ಕಾಯ್ಸಕೋತ ರೋಲರ್ ಆಕಡಿ ಈಕಡಿ ಆಡಸ್ತಾರ, ಪ್ರತಿ ಸಲ ಜರಾ ಜರಾ ಒತ್ತಡ ಏರಿಸ್ತಾರ. ಅವಸರ ಮಾಡಿದ್ರ ಇಲ್ಲಾ ಪೇಂಟ್ ತಣ್ಣಗಿದ್ದಾಗ ಒತ್ತಿದ್ರ ಪೇಂಟ್ ಚಿಟ್ಟಂತ ಸೀಳತದ. ಕೆಲವರು ಕಬ್ಬಿಣದ ಪೈಪ್ ಇಟ್ಟು ಟಾಯರ್ ನಡಕ ಸಿಕ್ಕಿಸಿ ಗಾಡಿ ಹಿಂದ ಮುಂದ ದೂಡಿ ಮಾಡ್ತಾರ, ಅಂಥವರ ಹತ್ರ ಹೋಗಬ್ಯಾಡ್ರಿ, ಪತ್ರಾ ಅಲಿ ಅಲಿ ಆಗ್ತದ.

ಆದ್ರ ನಿಮ್ಮ ಎಡಗಡಿ ರೋಲಿಂಗ್ ಮಾಡೋ ಹಂಗೇ ಇಲ್ಲ. ಕೆಳಗ ಪುಟ್ಟಿ ಅದ, ಪುಟ್ಟಿ ಬಾಗಲ್ಲ, ಒಡೀತದ. ಚಕ್ಕಳಿ ಚಕ್ಕಳಿ ಆಗಿ ಕೈಯಾಗ ಬರ್ತದ. ಅಲ್ಲಿ ಕೆಲಸ ಏನಂದ್ರ ಪುಟ್ಟಿ ಪೂರಾ ಕೆದರಿ ತೆಗೀಬೇಕು, ಒಳಗ ಹೋದ ಪತ್ರಾ ಪುಲ್ಲರ್ ಹಚ್ಚಿ ಹೊರಗ ಎಳೀಬೇಕು, ಅಂಚಿನ ಗೆರಿ ಬಲಗಡಿದ್ರ ಅಳತಿಗಿ ತರಬೇಕು, ಆಮ್ಯಾಲ ತೆಳ್ಳನ್ನ ಪುಟ್ಟಿ, ಪ್ರೈಮರ್, ಪೇಂಟ್. ಒಳಗಿನ ಎರಡು ಪತ್ರಾ ಕೂಡೋ ಸಂದಿಗಿ ಸೀಲರ್ ಹಚ್ಚೋದು ಮರೀಬಾರ್ದು, ಬಾಡಿ ಅಂಗಡಿದವರು ಹೊರಗ ಕಾಣೋದು ಫಳಫಳ ಮಾಡಿ ಇದನ್ ಬಿಟ್ಟು ಬಿಡ್ತಾರ, ನಿಂತು ಮಾಡ್ಸಕೋರಿ. ಹಿಂದಿನ ಡೋರ್ ಅಲ್ಲೇ ಹತ್ರ ಇರೋದ್ರಿಂದ ಕೆಲಸ ಮುಗದ ಮ್ಯಾಲ ಡೋರ್ ತೆರದು ಹಾಕಿ ನೋಡ್ರಿ, ಸಂದಿ ಮ್ಯಾಲಿಂದ ಕೆಳಗಿನ ತನಕ ಒಂದೇ ಇರಬೇಕು.

ಮತ್ತೊಂದು, ಡೀಸೆಲ್ ಹಾಕೋ ಮುಚ್ಚಳ ಯಾ ಬಾಜು ಅದ ಆ ಬಾಜು ಲೈನರಿನ ಹಿಂದೇ ಟ್ಯಾಂಕಿಗಿ ಹೋಗೋ ಪೈಪ್ ಇರ್ತದ. ಅಲ್ಲಿ ವೆಲ್ಡಿಂಗು, ಹೀಟ್ ಗನ್ನು ಅಂತ ಹೋಗೋ ಮೊದಲು ಅದನ್ ಬಿಚ್ಚಿ ಸರಿಸ್ಯಾರಿಲ್ಲ ಅಂತ ಕಣ್ಣಿಂದ ನೋಡ್ರಿ.

ಹುಮನಾಬಾದ್_ಗ್ಯಾರೇಜ್:

ತಮ್ಮಾ, ಪತ್ರಾ ಎಳಸು ಅಂತ ನಾನೂ ಅಂತೀನಿ, ಆದ್ರ 205 ಇಟ್ಕೊಳ್ಳೋ ಆಸೆ ಬಿಡು. ಎಡಗಡಿ 14 ಮಿಲಿಮೀಟರ್ ಆದ್ರೂ ಬಲಗಡಿಗಿ ಈಗ ಹತ್ತಲತ್ತದಲ್ಲ, ಆ ಎರಡು ಕಲೆ, ಅದೇ ಹಾಲತ್ ಎಡಕ್ಕೂ ಬರ್ತದ. ಕಮ್ಮಿ ಉಜ್ಜತದ ಅಷ್ಟೇ.

ಉಜ್ಜಿದ ಟಾಯರಿಂದು ಬಾಜು ನೋಡು ಒಮ್ಮಿ. ಉಗುರು ಹಾಕಿ ಕೆದರಿದ್ರ ಒಳಗ ದಾರ ಕಂಡ್ರ, ಇಲ್ಲಾ ಎಲ್ಲರೆ ಗುಳ್ಳಿ ಎದ್ದಿದ್ರ ಅವತ್ತೇ ತಗಿ, ಸ್ಟೆಪ್ನಿಗೂ ಇಡಬ್ಯಾಡ. ಬಾಜಿಗಿ ಪಂಚರ್ ಹಚ್ಚಲಾಕ ಬರಲ್ಲ. ನಮ್ಮ ಬ್ಯಾಸಗಿ ಗೊತ್ತದಲ್ಲ, 42-43 ಡಿಗ್ರಿ ಒಳಗ ಡಾಂಬರ ರಸ್ತಾದ ಮ್ಯಾಲ ಪೂರಾ ಲೋಡ್ ಹಾಕಿ ಅಂಥ ಟಾಯರ್ ಓಡ್ಸಿದ್ರ ಯಾವಾಗ ಒಡೀತದ ಹೇಳ್ಲಾಕ ಬರಲ್ಲ. ಕೆಲವರು ಉಜ್ಜಬಾರ್ದು ಅಂತ ಹವಾ ಕಡಿಮಿ ಮಾಡ್ತಾರ, ಅದು ತಿರಗಾಮುರಗಾ ಕೆಲಸ, ಹವಾ ಕಡಿಮಿ ಆದ್ರ ಬಾಜು ಇನ್ನೂ ಉಬ್ಬತದ, ಬಿಸಿನೂ ಜಾಸ್ತಿ ಆಗ್ತದ. ಡ್ರೈವರ್ ಡೋರ್ ಹತ್ರ ಸ್ಟಿಕ್ಕರ್ ಇರ್ತದ, ಲೋಡ್ ಇದ್ದಾಗ ಹಿಂದ ಎಷ್ಟು ಅಂತ ಬರದಿರ್ತಾರ, ಕಂಪನಿ ಸೈಜ್ ಹಾಕಿದ ಮ್ಯಾಲ ಅಷ್ಟೇ ಹೊಡಸು, ಮುಂಜಾನಿ ಟಾಯರ್ ತಣ್ಣಗಿದ್ದಾಗ.

ಮತ್ತ ಆ ಡಿಕ್ಕಿ. ಚೀಲ ಹಿಂದಿನ ಗಾಲಿಗಿಂತ ಹಿಂದ ಕುಂದ್ರತಾವ, ಹಿಂಗಾಗಿ ಹಿಂದಿನ ಗಾಲಿ ಮ್ಯಾಲ ಬೀಳೋ ವಜ್ಜಿ ಚೀಲದ ವಜ್ಜಿಗಿಂತಾನೂ ಜಾಸ್ತಿ, ಮುಂದಿನ ಗಾಲಿ ಅಷ್ಟು ಹಗರ ಆಗ್ತಾವ. ರಾತ್ರಿ ಎದುರು ಬರೋರು ಡಿಪ್ಪರ್ ಹೊಡೀತಾರಲ್ಲ ನಿಂಗ, ಲೈಟ್ ಆಕಾಶಕ್ಕ ಹೋಗಿರ್ತಾವ. ಚೀಲ ಡಿಕ್ಕಿದಾಗ ಹಾಕೋದೇ ಆದ್ರ ಬಾಗಲ ಕಡಿ ಅಲ್ಲ, ಹಿಂದಿನ ಸೀಟಿಗಿ ಒತ್ತಿ ಇಡು. ಮ್ಯಾನುಯಲ್ ಪುಸ್ತಕದಾಗ ಗ್ರಾಸ್ ವೇಟ್ ಅದ, ಅದ್ರಾಗಿಂದ ಖಾಲಿ ಗಾಡಿ ವೇಟ್ ತಗದ್ರ ಮಂದಿ ಸಾಮಾನ ಎಲ್ಲಾ ಕೂಡಿ ಎಷ್ಟು ಹಾಕಬೇಕು ಅನ್ನೋದು ಬರ್ತದ. ಐದು ಮಂದಿ ಕುಂತು ಮ್ಯಾಲ ಎರಡು ಚೀಲ ಅಂದ್ರ ನೀ ಆ ಗೆರಿಗಿ ಹೋಗಿ ನಿಂತೀದಿ. ಗೂಡಿನ ಮ್ಯಾಲ ಬಂಪ್ ಸ್ಟಾಪ್ ಅಂತ ರಬ್ಬರ್ ಇರ್ತದ, ಗಾಲಿ ಎಷ್ಟು ಮ್ಯಾಲ ಬರಬೇಕು ಅಂತ ತಡಿಯೋದು ಅದೇ, ಹಳೇ ಗಾಡಿಗಿ ಅದು ಒಣಗಿ ಪುಡಿ ಆಗಿ ಬಿದ್ದಿರ್ತದ. ಹೆಂಗೂ ಗಾಲಿ ಬಿಚ್ಚತಿ, ಅದನ್ನೂ ನೋಡು, ತುಟ್ಟಿ ಸಾಮಾನ ಅಲ್ಲ.

ಆಳಂದ_ಮಾಸ್ತರ:

ಇನ್ಸೂರೆನ್ಸ್ ಮಾತೂ ಅದ. ಮೋಟಾರು ವಾಹನ ಕಾಯಿದೆ 1988ರ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟಿದ್ದ ಸ್ಪೆಸಿಫಿಕೇಶನ್ ಮನಸ್ಸಿಗಿ ಬಂದಂಗ ಬದಲಿ ಮಾಡ್ಲಾಕ ಬರಂಗಿಲ್ಲ. ರಸ್ತಾದಾಗ ಟಾಯರ್ ಅಳತಿ ಹಿಡದು ಯಾರೂ ನೋಡಲ್ಲ ಖರೆ, ಆದ್ರ ದೊಡ್ಡ ಕ್ಲೇಮ್ ಇದ್ದಾಗ ಸರ್ವೆಯರ್ ಬಂದು ಫೋಟೋ ಹೊಡೀತಾನ, ಆಗ ತಕರಾರ ತಗಿಲಾಕ ಒಂದು ನೆವ ಸಿಕ್ಕಂಗ.

ಸೇಡಂರೋಡ್_ಡಿಜೈರ್:

ಸರಿ ಆಯ್ತು, ಹಂಗಾದ್ರ ಹಿಂಗ್ ಮಾಡ್ತೀನಿ. ಕಂಪನಿ 15 ಇಂಚ್ ರಿಮ್ ಹುಡುಕಿ 185/65 ಹಾಕಸ್ತೀನಿ, ಅಲಾಯ್ ಮಾರ್ತೀನಿ. ಅಪ್ಪಾಜಿಗಿ ಅಲಾಯ್ ಹೋಗೋದು ಬ್ಯಾಸರ ಆಗ್ಯದ, ಆದ್ರ ಸ್ಪೀಡ್ ಕಾಂಟಾ ಸುಳ್ಳು ಹೇಳ್ತದ ಅಂದ ಮ್ಯಾಲ ಒಪ್ಪಿದ್ರು, ಉಜ್ಜಿದ್ದಕ್ಕ ಅಲ್ಲ ಮತ್ತ. ಎಡಗಡಿ ಪತ್ರಾ ಕೆಲಸ ಸಂಕ್ರಾಂತಿ ಮುಗದ ಮ್ಯಾಲ ಮಾಡ್ಸೋಣ ಅಂತ, ರೊಕ್ಕ ತೊಗರಿ ಮಾರಿದ ಮ್ಯಾಲೇ ಬರೋದು. ಅಲ್ಲಿ ತನಕ ಡಿಕ್ಕಿ ಖಾಲಿ.

ಹುಮನಾಬಾದ್_ಗ್ಯಾರೇಜ್:

ಛಲೋ. ಟಾಯರ್ ತೊಗೊಳ್ಳೋ ಮುಂದ ಬಾಜಿನ ಮ್ಯಾಲ ಡಬ್ಬಿ ಒಳಗ ನಾಕು ಅಂಕಿ ನೋಡು, ಮೊದಲಿನೆರಡು ವಾರ, ಕಡಿಗಿನೆರಡು ವರ್ಷ. 2319 ಅಂತ ಇದ್ರ 2019ರ 23ನೇ ವಾರದ ಮಾಲು. ಹೊಸಾದು ಅಂತ ಹಳೇದು ಕೊಡ್ತಾರ. ಸೆಕೆಂಡ್ಸ್ ರಿಮ್ ಬ್ಯಾಲೆನ್ಸಿಂಗ್ ಮಶೀನಿಗಿ ಹಾಕಿ ತಿರುಗಿಸಿ ನೋಡದೇ ರೊಕ್ಕ ಕೊಡಬ್ಯಾಡ, ಸೊಟ್ಟ ಇರ್ತಾವ.

ಭಾಲ್ಕಿ_ಇನ್ನೋವಾ:

ಅಣ್ಣಾ ಆ 205/65 ಟಾಯರ್ ಮಾರೋದಿದ್ರ ನಂಗ್ ಹೇಳ್ರಿ, ನಂದು ಹಳೇ ಇನ್ನೋವಾ ಅದ, ಅದೇ ಸೈಜ್.

ಹುಮನಾಬಾದ್_ಗ್ಯಾರೇಜ್:

ಭಾಲ್ಕಿ ಅಣ್ಣಾ, ಸೈಜ್ ಒಂದೇ ಇದ್ರ ಆಗ್ಲಿಲ್ಲ, ಅದ್ರ ಮ್ಯಾಲ ಲೋಡ್ ನಂಬರ್ ನೋಡ್ರಿ ಪೈಲಾ. 94 ಇದ್ರ ಒಂದು ಟಾಯರಿಗಿ 670 ಕಿಲೋ, ನಿಮ್ಮ ಗಾಡಿ ವಜ್ಜಿ ಅದ, ಅದಕ್ಕಿಂತ ಕಡಿಮಿ ಇದ್ರ ಹಾಕಬ್ಯಾಡ್ರಿ.

ಸೇಡಂರೋಡ್_ಡಿಜೈರ್:

ನೋಡಿದೆ ರಿ, 94 ಅಂತಾನೇ ಅದ. ಮುಂದಿನೆರಡು ಛಲೋ ಅವ. ಹಿಂದಿನ ಎಡಗಡಿದು ಉಜ್ಜಿದ್ದು, ಅದನ್ನ ಮಾರಲ್ಲ, ಬಲಗಡಿದು ನೀವೇ ಬಂದು ನೋಡ್ರಿ.

ಭಾಲ್ಕಿ_ಇನ್ನೋವಾ:

ಮುಂದಿನೆರಡು ಸಾಕು. ಅವೂ ನಾಕು ಅಂಕಿ ಏನ್ ಅವ ನೋಡಿ ಹೇಳ್ರಿ, ಆಮ್ಯಾಲ ರೇಟ್ ಮಾತಾಡೋಣ.